ಗುಳಿಗಿ ಜೊತೆಗೆ, ಗುಳಿಗಿ ಬದಲಿಗೆ ಅಲ್ಲ

ನವಲಗುಂದ ಕಡೆಯ ಒಬ್ಬ ಕಾಕಾ ಹರ್ನಿಯಾ ಆಪರೇಷನ್ ಆಗಿ ನಮ್ಮ ವಾರ್ಡಿನಲ್ಲಿ ನಾಲ್ಕು ದಿನ ಇದ್ದರು. ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಡ್ಯೂಟಿ ಸ್ವಲ್ಪ ಹಗುರ ಇದ್ದ ಒಂದು ರಾತ್ರಿ ಅವರ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ನಿಧಾನಕ್ಕೆ ಉಸಿರಾಡುವುದನ್ನು ಹೇಳಿಕೊಟ್ಟೆ. ನಿಮಿಷಕ್ಕೆ ಆರು ಉಸಿರು, ಒಳಗೆ ತೆಗೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದು ಉದ್ದ. ಮಲಗಿದರು. ಬೆಳಿಗ್ಗೆ ಬಿಪಿ ಹಿಂದಿನ ದಿನಕ್ಕಿಂತ ಕಡಿಮೆ ಇತ್ತು, ನಾನು ಖುಷಿಯಿಂದ ಅದನ್ನು ಅವರಿಗೆ ಹೇಳಿದೆ. ಆದರೆ ಅದರ ಹಿಂದೆಯೇ ಬಿಪಿ ಗುಳಿಗಿ ಬಿಡಬೇಡಿ ಅನ್ನುವ ಮಾತೂ ಸೇರಿಸಬೇಕಿತ್ತು, ಸೇರಿಸಲಿಲ್ಲ.

ಒಂದೂವರೆ ತಿಂಗಳ ಮೇಲೆ ತಲೆನೋವು ಅಂತ ಬಂದರು. ಬಿಪಿ 190ರ ಮೇಲೆ.

"ಗುಳಿಗಿ ತಗೋತೀರಿಲ್ರಿ ಕಾಕಾ?"

"ಬಿಟ್ಟೇನ್ರಿ ಸಿಸ್ಟರ್. ನೀವ ಕಲಿಸಿದ್ರಲ್ಲ, ದಿನಾ ಮುಂಜಾನೆ ಉಸರಾಡತೇನ್ರಿ."

ಇಪ್ಪತ್ತು ವರ್ಷಕ್ಕೂ ಜಾಸ್ತಿ ನರ್ಸ್ ಕೆಲಸ ಮಾಡಿದ್ದೇನೆ. ಹುಬ್ಬಳ್ಳಿಯಲ್ಲಿ ಯಾವ ವಾರ್ಡಿಗೆ ಹೋದರೂ ಇದೇ ತಪ್ಪು ತಿಳಿವಳಿಕೆ ಎದುರಾಗುತ್ತದೆ. ಮಾಲಿಶ್, ಪ್ರಾಣಾಯಾಮ, ಬಿಸಿ ಕಾವು, ಸಂಗೀತ, ಒತ್ತುಬಿಂದು (ಅಕ್ಯುಪ್ರೆಶರ್), ಇವಕ್ಕೆಲ್ಲ ನಾವು ಪೂರಕ ಚಿಕಿತ್ಸೆ ಎನ್ನುತ್ತೇವೆ. ಪೂರಕ ಅಂದರೆ ಜೊತೆಗೆ ಇರುವುದು. ರೊಟ್ಟಿ ಜೊತೆ ಶೇಂಗಾ ಚಟ್ನಿ ಇದ್ದ ಹಾಗೆ. ಚಟ್ನಿ ರುಚಿ ಐತಿ ಅಂತ ಯಾರಾದರೂ ರೊಟ್ಟಿ ಬಿಡುತ್ತಾರಾ? ಅಮೆರಿಕ ಸರ್ಕಾರದ್ದೇ ಒಂದು ಸಂಶೋಧನಾ ಕೇಂದ್ರ ಇಂಥ ಚಿಕಿತ್ಸೆಗಳನ್ನು ಪರೀಕ್ಷಿಸುತ್ತದೆ. 2014ರ ಡಿಸೆಂಬರಿನಲ್ಲಿ ಅವರು ತಮ್ಮ ಹೆಸರಿನಲ್ಲಿದ್ದ 'ಪರ್ಯಾಯ' ಎನ್ನುವ ಪದವನ್ನೇ ತೆಗೆದುಹಾಕಿದರು. ಪರ್ಯಾಯ ಅಂದರೆ ಬದಲಿಗೆ. ಒಂದು ಪದ ಅಷ್ಟೇ, ಆದರೆ ನಮ್ಮ ಕಾಕಾ ಎಡವಿದ್ದು ಅಲ್ಲೇ.

ಬಿಪಿ ವಿಷಯ ಇನ್ನೊಮ್ಮೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಗುಳಿಗಿ ತಗೊಂಡ ಮೇಲೆ ಬಿಪಿ 120 ಬಂದರೆ ಕಾಯಿಲೆ ಹೋಯಿತು ಅಂತಲ್ಲ, ಗುಳಿಗಿ ಕೆಲಸ ಮಾಡುತ್ತಿದೆ ಅಂತ. ನಿಧಾನಕ್ಕೆ ಉಸಿರಾಡಿದರೆ ಬಿಪಿ ಒಂದಿಷ್ಟು ಇಳಿಯುತ್ತದೆ, ನಿಜ. ಎದ್ದು ಬಸ್ಸಿಗೆ ಓಡಿದರೆ ಮತ್ತೆ ಏರುತ್ತದೆ. ತಿಂಗಳುಗಟ್ಟಲೆ ಬಿಡದೆ ಮಾಡಿದವರಿಗೆ ಸ್ವಲ್ಪ ಇಳಿಕೆ ಉಳಿಯಬಹುದು, ಎಲ್ಲರಿಗೂ ಉಳಿಯುತ್ತದೆ ಅಂತ ನಾನು ಹೇಳಲಾರೆ. ಆದರೆ 180 ಇದ್ದವರನ್ನು ಅದೊಂದೇ 120ಕ್ಕೆ ತರುತ್ತದೆ ಅಂತ ನಂಬಬೇಡಿ. ಗುಳಿಗಿ ಕಡಿಮೆ ಮಾಡುವುದಾದರೆ ಡಾಕ್ಟರ್ ಮಾಡಲಿ, ರೀಡಿಂಗ್ ನೋಡಿ. ನೀವೂ ಅಲ್ಲ, ನಾನೂ ಅಲ್ಲ, ಬಾಜೂಮನಿ ಅಕ್ಕನೂ ಅಲ್ಲ.

ಹಾಗಂತ ಇವನ್ನೆಲ್ಲ ಬಿಟ್ಟುಬಿಡಿ ಎನ್ನುತ್ತಿಲ್ಲ. ನನ್ನ ಆಸೆ ಅದಕ್ಕೆ ಪೂರ್ತಿ ಉಲ್ಟಾ. ಪ್ರತಿ ನರ್ಸ್ ಇದನ್ನು ಸರಿಯಾಗಿ ಕಲಿತು ಮಾಡಬೇಕು. ಆಪರೇಷನ್ ಆದ ಮೇಲೆ ವಾಕರಿಕೆ ಬರುವವರಿಗೆ ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ನರದಂತೆ ಕಾಣುವ ಎರಡು ಸ್ನಾಯುದಾರಗಳ ನಡುವೆ ಒತ್ತುವುದು, ಹೆರಿಗೆ ನೋವಿನಲ್ಲಿ ಸೊಂಟದ ಹತ್ತಿರ ಗಟ್ಟಿಯಾಗಿ ಒತ್ತಿ ಹಿಡಿಯುವುದು, ಇವೆಲ್ಲ ಕೈಯಲ್ಲೇ ಇರುವ ಔಷಧಿ. ಒಬ್ಬ ಅಜ್ಜಿಗೆ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದಾಗ ಸುಮ್ನೆ ಅಳತೊಡಗಿದರು. ನೋವಾಯ್ತೇನ್ರಿ ಅಂದೆ. "ಇಲ್ಲವ್ವಾ, ನನ್ನ ಬೆನ್ನ ಯಾರ ಮುಟ್ಟಿ ಎಷ್ಟ ವರ್ಷ ಆತು" ಅಂದರು. ಆವತ್ತಿನಿಂದ ಬ್ಯಾಕ್ ಕೇರ್ ಅನ್ನು ಬೇಗ ಮುಗಿಸುವ ಕೆಲಸ ಅಂತ ನಾನು ನೋಡಿಲ್ಲ. ಬೋಧಕ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು ಅಂತ ನರ್ಸಿಂಗ್ ಕೌನ್ಸಿಲ್ ಲೆಕ್ಕ ಇದೆ. ರಾತ್ರಿ ಪಾಳಿ ಮಾಡಿದವರಿಗೆ ಆ ಲೆಕ್ಕ ಎಷ್ಟು ದೂರ ಅಂತ ಗೊತ್ತು. ಆದರೂ ಹತ್ತು ನಿಮಿಷ ಹೇಗೋ ಹುಡುಕಬೇಕು.

ಹುಡುಕಿದ ಮೇಲೆ ಕಣ್ಣು ತೆರೆದುಕೊಂಡೇ ಮಾಡಬೇಕು. ಒಂದೇ ಕಾಲಿನ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕಬೇಡಿ, ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಮಲಗಿಯೇ ಇರುವವರ ಬೆನ್ನಲ್ಲಿ ಚರ್ಮ ಕೆಂಪಾದ ಜಾಗವನ್ನೂ ತಿಕ್ಕಬಾರದು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ನೀರಿನ ಕಾವು ಕೊಡುವ ಮೊದಲು ನೂರು ಸಲ ಯೋಚಿಸಿ. ಸ್ಪರ್ಶ ಸತ್ತಿದ್ದರೆ ಸುಟ್ಟದ್ದು ಅವರಿಗೆ ತಿಳಿಯುವುದೇ ಇಲ್ಲ, ಬೊಬ್ಬೆ ಎದ್ದಾಗಲೇ ಗೊತ್ತಾಗುತ್ತದೆ.

ಇನ್ನೊಂದು ನೋವಿನ ವಿಷಯ. ಮನೆಯಲ್ಲಿ ಮಾಡುವುದನ್ನು ಜನ ನಮ್ಮಿಂದ ಮುಚ್ಚಿಡುತ್ತಾರೆ. ಯಾಕೆ? ಹೇಳಿದರೆ ಬೈಯುತ್ತೇವೆ, ನಗುತ್ತೇವೆ. ಹುಬ್ಬಳ್ಳಿಯ ಹೆಗ್ಗೇರಿಯಲ್ಲಿ ಆಯುರ್ವೇದ ಕಾಲೇಜು ಇದೆ, ಗದಗದಲ್ಲೂ ಇದೆ. ನಮ್ಮ ಭಾಗದಲ್ಲಿ ಒಬ್ಬರೇ ರೋಗಿ ಎರಡೂ ಕಡೆ ಔಷಧಿ ತಗೊಳ್ಳುವುದು ದಿನನಿತ್ಯದ ಸಂಗತಿ, ಅದು ಅಪರಾಧ ಅಲ್ಲ. ಆದರೆ ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರು ಬೆಳ್ಳುಳ್ಳಿ ಕ್ಯಾಪ್ಸೂಲೂ ನುಂಗುತ್ತಿದ್ದರೆ ಅದು ನಮಗೆ ಗೊತ್ತಿರಲೇಬೇಕು, ರಕ್ತಸ್ರಾವ ಜಾಸ್ತಿ ಆಗಬಹುದು. ಅಡುಗೆಯಲ್ಲಿ ಹಾಕುವ ನಾಲ್ಕು ಎಸಳಿನ ಮಾತಲ್ಲ ಇದು.

ಅದಕ್ಕೇ ನಾನೀಗ ಅಡ್ಮಿಷನ್ ಹೊತ್ತಿಗೆ "ಬೇರೆ ಔಷಧಿ ಏನಾದರೂ ಇದೆಯಾ" ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಆ ಪ್ರಶ್ನೆಗೆ ಇಲ್ಲ ಎನ್ನುವುದೇ ಉತ್ತರ. "ನಮ್ಮವ್ವನೂ ಕಷಾಯ ಕುಡೀತಾಳ್ರಿ, ನೀವು ಮನ್ಯಾಗ ಏನ್ ತಗೋತೀರಿ?" ಅಂತ ಕೇಳುತ್ತೇನೆ. ಮೊನ್ನೆ ಮೊಣಕಾಲು ಆಪರೇಷನ್ನಿಗೆ ಬಂದ ಒಬ್ಬ ಅಕ್ಕ ಈ ಪ್ರಶ್ನೆಗೆ ಮಗಳ ಮುಖ ನೋಡಿದರು, ಆಮೇಲೆ ಚೀಲದ ತಳದಿಂದ ಪುಡಿಯ ಡಬ್ಬಿ ಮತ್ತು ಹೆಸರಿಲ್ಲದ ಒಂದು ಬಾಟಲಿ ತೆಗೆದು ಮಂಚದ ಮೇಲಿಟ್ಟರು. ಎರಡನ್ನೂ ಕೇಸ್ ಶೀಟಿನಲ್ಲಿ ಬರೆದೆ. ಸಂಜೆ ಅರಿವಳಿಕೆ ಡಾಕ್ಟರ್ ಅದನ್ನು ಓದಿ, ಸ್ಟೂಲ್ ಎಳೆದುಕೊಂಡು ಅವರ ಪಕ್ಕ ಕೂತರು.