ಮರುಬಳಕೆಗೂ ಇಂಧನ ಸುಡಬೇಕಲ್ಲ, ಉಳಿಯುವುದೇನು?

ಪ್ರಶ್ನೆ: ಹಳೆಯ ಸಾಮಾನು ಸಾಗಿಸಲು ಲಾರಿ ಬೇಕು, ಕರಗಿಸಲು ಕುಲುಮೆ ಬೇಕು. ಉಳಿಸಿದ್ದೆಲ್ಲ ಅಲ್ಲೇ ಖರ್ಚಾಗುತ್ತದೆ. ಹವಾಮಾನಕ್ಕೆ ಏನು ಲಾಭ?

ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಲಾರಿ, ಕುಲುಮೆ ಎಲ್ಲರ ಕಣ್ಣಿಗೂ ಬೀಳುತ್ತವೆ, ಗಣಿ ಬೀಳುವುದಿಲ್ಲ. ಹಾಗಾಗಿ ಹೊಸ ವಸ್ತು ಪುಕ್ಕಟೆ ಹುಟ್ಟುತ್ತದೆ ಎಂಬಂತೆ ಲೆಕ್ಕ ಹಾಕುತ್ತಾರೆ. ಈ ಸಲ ಪೂರ್ತಿ ಲೆಕ್ಕ ನೋಡಿಬಿಡೋಣ.

ಒಂದು ಟನ್ ಹೊಸ ಅಲ್ಯೂಮಿನಿಯಂಗೆ ಸುಮಾರು ನಾಲ್ಕು ಟನ್ ಬಾಕ್ಸೈಟ್, ಅಂದರೆ ಅದರ ಅದಿರು, ಅಗೆಯಬೇಕು. ಅದರಿಂದ ಎರಡು ಟನ್ ಅಲ್ಯೂಮಿನಾ ಸಿಗುತ್ತದೆ. ಅದರಲ್ಲಿ ಆಮ್ಲಜನಕವು ಲೋಹವನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅದನ್ನು ಬಿಡಿಸಲು ಕಿಲೋ ಲೋಹಕ್ಕೆ 13ರಿಂದ 15 ಯೂನಿಟ್ ವಿದ್ಯುತ್ ಹರಿಸಬೇಕು. ಜೊತೆಗೆ ಆ ವಿದ್ಯುತ್ ಹರಿಸುವ ಇಂಗಾಲದ ದಿಮ್ಮಿಗಳು (ಆನೋಡ್‌ಗಳು) ಸವೆದು, ಟನ್ ಲೋಹಕ್ಕೆ ಸುಮಾರು ಒಂದೂವರೆ ಟನ್ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಹಳೆಯ ಡಬ್ಬಿಯಲ್ಲಿ ಈ ಕೆಲಸ ಆಗಲೇ ಮುಗಿದಿರುತ್ತದೆ. ಲೋಹ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಕರಗಿಸಿದರಾಯಿತು. ಶೇಕಡಾ 95ರಷ್ಟು ಶಕ್ತಿ ಉಳಿಯುತ್ತದೆ.

ಇನ್ನು ಲಾರಿ. ಭಾರೀ ಲಾರಿ ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಒಯ್ಯಲು ಉಗುಳುವುದು ಹೆಚ್ಚೂಕಡಿಮೆ 100 ಗ್ರಾಂ ಕಾರ್ಬನ್ ಡೈಆಕ್ಸೈಡ್. 500 ಕಿಲೋಮೀಟರಿಗೆ 50 ಕಿಲೋ ಆಯಿತು. ಅದಿರಿನಿಂದ ಒಂದು ಟನ್ ಉಕ್ಕು ಮಾಡಿದರೆ ಎರಡು ಟನ್ನಿಗೂ ಹೆಚ್ಚು ಹೊರಬೀಳುತ್ತದೆ, ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಸಾಮಾನ್ಯವಾಗಿ ಒಂದು ಟನ್ನಿಗಿಂತ ಕಡಿಮೆ. ಲಾರಿಯ ಐವತ್ತು ಕಿಲೋ ಇಲ್ಲಿ ಯಾವ ಲೆಕ್ಕ? ಗುಜರಿ ಉಕ್ಕಿನ ನಿಜವಾದ ತೊಂದರೆ ತಾಮ್ರದ್ದು. ಮೋಟಾರು, ವೈರು ಬೇರ್ಪಡಿಸದೆ ಹಾಕಿದರೆ ತಾಮ್ರ ಉಕ್ಕಿನಲ್ಲೇ ಉಳಿದು, ಬಿಸಿ ತಗಡು ಎಳೆಯುವಾಗ ಬಿರುಕು ಬಿಡಿಸುತ್ತದೆ.

ನಿಮ್ಮ ಅನುಮಾನಕ್ಕೆ ತುಸು ಆಧಾರವಿರುವುದು ಗಾಜಿನಲ್ಲಿ ಮಾತ್ರ. ಮಿಶ್ರಣದಲ್ಲಿ ಒಡೆದ ಗಾಜನ್ನು ಶೇಕಡಾ 10ರಷ್ಟು ಹೆಚ್ಚಿಸಿದರೆ ಕುಲುಮೆಯ ಶಕ್ತಿ ಉಳಿಯುವುದು ಶೇಕಡಾ 3ರ ಒಳಗೇ. ಹಾಗಾಗಿ ಗಾಜಿಗೆ ದೂರ ಮುಖ್ಯವಾಗುತ್ತದೆ. ಬಾಟಲಿಯನ್ನು ಒಡೆಯದೆ ತೊಳೆದು ಮತ್ತೆ ತುಂಬಿಸುವುದೇ ಮೇಲು.

ಲಾರಿಯ ಬಗ್ಗೆ ಇಷ್ಟು ಕೇಳುವವರು ಮನೆಯಲ್ಲಿ ಡಬ್ಬಿ ತೊಳೆಯಲು ಸುರಿಯುವ ಬಿಸಿನೀರಿನ ಬಗ್ಗೆ ಮಾತ್ರ ಕೇಳುವುದಿಲ್ಲ. ಒಂದು ಲೀಟರ್ ನೀರನ್ನು 40 ಡಿಗ್ರಿಯಷ್ಟು ಕಾಯಿಸಲು ಸುಮಾರು 0.05 ಯೂನಿಟ್ ಬೇಕು. 14 ಗ್ರಾಂ ತೂಗುವ ಪಾನೀಯದ ಡಬ್ಬಿ ಉಳಿಸಿಕೊಡುವುದು ಸುಮಾರು 0.2 ಯೂನಿಟ್. ಕಾಲು ಭಾಗ ತೊಳೆಯುವುದರಲ್ಲೇ ಹೋಯಿತು! ಡಬ್ಬಿಯನ್ನು ಹೊಳೆಯುವಂತೆ ಉಜ್ಜಬೇಕಿಲ್ಲ, ಸೋಪೂ ಬೇಡ. ಪಾತ್ರೆ ತೊಳೆದುಳಿದ ತಣ್ಣೀರಿನಲ್ಲಿ ಒಮ್ಮೆ ಕುಲುಕಿ, ಬೋರಲು ಹಾಕಿ ಒಣಗಿಸಿ. ಜಿಡ್ಡು ಉಳಿದರೆ ಲೋಹ ಹೇಗೋ ತಡೆದುಕೊಳ್ಳುತ್ತದೆ, ಪಕ್ಕದ ಕಾಗದ ತಡೆಯುವುದಿಲ್ಲ. ಎಣ್ಣೆ ಹೀರಿದ ನಾರು ಕಾಗದದ ಗಿರಣಿಗೆ ಬೇಡವಾಗುತ್ತದೆ.