ಉಳುಕಿದ ಕಾಲಿಗೆ ಬಣ್ಣದ ಟೇಪು

ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುತ್ತದೆ ಅನ್ನೋದು ಕಬಡ್ಡಿ ಆಡುವವರಿಗೆ ಗೊತ್ತು. ಸಿಂಧನೂರಿನ ಗದ್ದೆ ಬದುವಿನ ಮೇಲೆ ಓಡಾಡುವವರಿಗೂ, ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರೆ ಹೊಲ ದಾಟುವವರಿಗೂ ಗೊತ್ತು. ಬಾವು ಇಳಿದು, ನೋವು ಹೋಗಿ ತಿಂಗಳುಗಳೇ ಆಗಿರುತ್ತವೆ. ಆದರೂ ಸಣ್ಣ ಕಲ್ಲಿನ ಮೇಲೆ ಕಾಲಿಟ್ಟರೆ ಸಾಕು, ಪಾದ ಒಳಕ್ಕೆ ಹೊರಳುತ್ತದೆ. ಇಂಥವರ ಕಾಲಿಗೆ ಈಗ ನೀಲಿ, ಗುಲಾಬಿ ಬಣ್ಣದ ಹಿಗ್ಗುವ ಟೇಪು ಹಚ್ಚುತ್ತಾರೆ. ಅದು ಕಾಲನ್ನು ಹಿಡಿದು ನಿಲ್ಲಿಸುತ್ತಾ?

ಪಾದ ಒಳಕ್ಕೆ ಹೊರಳಿದಾಗ ಪೆಟ್ಟು ಬೀಳುವುದು ಹೊರಬದಿಯ ಲಿಗಮೆಂಟ್‌ಗಳಿಗೆ. ಎಲುಬಿಗೆ ಎಲುಬು ಬಿಗಿಯುವ ಗಟ್ಟಿ ನಾರುಗಳಿವು. ಇವುಗಳಲ್ಲಿ ನರದ ತುದಿಗಳೂ ಇವೆ. ಪಾದ ಎಷ್ಟು ವಾಲಿದೆ ಎಂಬ ಸುದ್ದಿ ಇಲ್ಲಿಂದಲೂ ಹೋಗುತ್ತದೆ. ನಾರು ಹರಿದಾಗ ಈ ನರಗಳೂ ಕೆಡುತ್ತವೆ, ಕಾಲು ತಪ್ಪುವುದು ಅದಕ್ಕೇ ಎಂದು 1965ರಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸಕ ಫ್ರೀಮನ್ ಹೇಳಿದರು. ಆಮೇಲೆ ಕೆಲವರು ಲಿಗಮೆಂಟ್‌ಗಳಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಪರೀಕ್ಷಿಸಿದರು. ವಿಚಿತ್ರ ಅಂದರೆ, ಬ್ಯಾಲೆನ್ಸ್ ಅಷ್ಟೇನೂ ಕೆಡಲಿಲ್ಲ! ಅಂದರೆ ತೊಂದರೆ ಬರೀ ಕೀಲಿನಲ್ಲಿಲ್ಲ. ಮಿದುಳು ಆ ಕಾಲನ್ನು ನಡೆಸುವ ರೀತಿಯೇ ಬದಲಾಗಿರುತ್ತದೆ. ಹೊರಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಎಚ್ಚರವಾಗಿ ಸ್ನಾಯು ಬಿಗಿಯಲು ಪುರಸೊತ್ತೇ ಇರುವುದಿಲ್ಲ. ಕಾಲಿಡುವ ಮೊದಲೇ ಸ್ನಾಯು ತಯಾರಾಗಿರಬೇಕು.

ಈ ಟೇಪನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೆಂಜೊ ಕಾಸೆ. ಹತ್ತಿಯ ಬಟ್ಟೆ, ಅದರ ಹಿಂಬದಿಗೆ ಅಂಟು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಟಗಾರರ ಮೈಮೇಲೆ ಕಂಡ ಮೇಲೆ ಎಲ್ಲೆಡೆ ಹಬ್ಬಿತು. ಹಳೆಯ ಬಿಳಿ ಟೇಪು ಹಿಗ್ಗುವುದಿಲ್ಲ, ಕೀಲು ಹೊರಳದಂತೆ ಕಟ್ಟಿಹಾಕುತ್ತದೆ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಅದೂ ಸಡಿಲಾಗುತ್ತದೆ ಅನ್ನಿ. ಈ ಬಣ್ಣದ ಟೇಪು ಮಾತ್ರ ಹಿಗ್ಗುವಂಥದ್ದು. ಮೈಭಾರವೆಲ್ಲ ಒಂದು ಪಾದದ ಅಂಚಿಗೆ ಬಿದ್ದಾಗ ಈ ಪಟ್ಟಿ ಏನು ತಡೆದೀತು? ಅದರ ಪರವಾಗಿ ಹೇಳುವ ಮಾತೇ ಬೇರೆ. ಟೇಪು ಚರ್ಮವನ್ನು ಎಳೆಯುತ್ತದೆ, ಚರ್ಮದ ನರಗಳು ಮಿದುಳಿಗೆ ಜಾಸ್ತಿ ಸುದ್ದಿ ಕಳಿಸುತ್ತವೆ ಎನ್ನುತ್ತಾರೆ.

ಹಾಗಿದ್ದರೆ ಬ್ಯಾಲೆನ್ಸ್ ಸುಧಾರಿಸಬೇಕು. ಅದನ್ನು ಅಳೆಯುವುದು ಸುಲಭ. ನೆಲದ ಮೇಲೆ ಇಂಗ್ಲಿಷಿನ ವೈ ಅಕ್ಷರದಂತೆ ಮೂರು ಗೆರೆ ಎಳೆಯುತ್ತಾರೆ. ನಡುವೆ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಗೆರೆಯುದ್ದಕ್ಕೂ ಚಾಚಬೇಕು. ಬೆರಳ ತುದಿ ಮುಟ್ಟಿದ ದೂರವೇ ಅಂಕ. ಕಾಲೂರಿದರೆ, ನಿಂತ ಕಾಲಿನ ಹಿಮ್ಮಡಿ ಎದ್ದರೆ ಆ ಸಲದ್ದು ಲೆಕ್ಕಕ್ಕಿಲ್ಲ. ಮನೆಯಲ್ಲೇ ಮಾಡಿ ನೋಡಿ, ಉಳುಕಿದ ಕಾಲು ಯಾವುದು ಅಂತ ಮಂಡಿಯ ನಡುಕವೇ ಹೇಳುತ್ತದೆ.

ಟೇಪು ಹಚ್ಚಿ ಇಂಥ ಪರೀಕ್ಷೆಗಳನ್ನು ಎಷ್ಟೋ ಕಡೆ ಮಾಡಿದ್ದಾರೆ. ಕೆಲವರಲ್ಲಿ ತುಸು ಸುಧಾರಣೆ ಕಂಡಿದೆ. ಎಳೆಯದೆ ಸುಮ್ನೆ ಅಂಟಿಸಿದ ಟೇಪಿಗೂ ಎಳೆದು ಹಚ್ಚಿದ್ದಕ್ಕೂ ವ್ಯತ್ಯಾಸವಿಲ್ಲ ಎಂದವರೂ ಇದ್ದಾರೆ. ಹಾಂಗ್ ಕಾಂಗ್‌ನಲ್ಲಿ ಒಂದು ಜಾಣ ಪ್ರಯೋಗವಾಯಿತು. ಈ ಟೇಪಿನ ಬಗ್ಗೆ ಏನೂ ಗೊತ್ತಿಲ್ಲದ 30 ಜನರ ತೊಡೆಗೆ, ಇದು ಸೆನ್ಸರ್ ಅಂತ ಹೇಳಿ ಟೇಪು ಹಚ್ಚಿದರು. ಸ್ನಾಯುವಿನ ಬಲ ಒಂಚೂರೂ ಹೆಚ್ಚಲಿಲ್ಲ. ಅದು ತೊಡೆಯ ಮಾತು, ಪಾದದ್ದಲ್ಲ, ನಿಜ. ಆದರೂ ಟೇಪಿನ ಗುಣದಲ್ಲಿ ನಂಬಿಕೆಯ ಪಾಲೂ ಇದೆ ಅಂತ ನನಗನಿಸುತ್ತದೆ.

ಒಂಟಿ ಕಾಲಿನ ಅಭ್ಯಾಸದ ಕಥೆ ಹಾಗಲ್ಲ. 2004ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನದಲ್ಲಿ ವಾಲಿಬಾಲ್ ಆಟಗಾರರು ಅಲುಗಾಡುವ ಹಲಗೆಯ ಮೇಲೆ ಬ್ಯಾಲೆನ್ಸ್ ಕಲಿತರು. ಹಿಂದೆ ಕಾಲು ಉಳುಕಿದ್ದವರಲ್ಲಿ ಮತ್ತೆ ಉಳುಕುವುದು ಕಡಿಮೆಯಾಯಿತು. ಒಲಿಂಪಿಕ್ಸ್ ಆಟಗಾರರು ಪಳಗುವ ಸಂಸ್ಥೆ ನಮ್ಮ ತೋರಣಗಲ್ಲಿನ ಬಳಿಯೇ ಇದೆ, ಆದರೆ ಈ ಅಭ್ಯಾಸಕ್ಕೆ ಮನೆಯ ಗೋಡೆ ಸಾಕು. ಗೋಡೆ ಪಕ್ಕ ಒಂಟಿ ಕಾಲಲ್ಲಿ ನಿಲ್ಲಿ. ಸಲೀಸಾದ ಮೇಲೆ ಕಣ್ಣು ಮುಚ್ಚಿ ನಿಲ್ಲಿ, ಆಮೇಲೆ ಮಡಚಿದ ಕೌದಿಯ ಮೇಲೆ. ಟೇಪಿನಿಂದ ಧೈರ್ಯ ಬರುವುದಾದರೆ ಹಚ್ಚಿಕೊಳ್ಳಿ, ಬಳ್ಳಾರಿಯ ಬಿಸಿಲಿಗೆ ಬೆವರಿ ತುರಿಕೆ ಶುರುವಾದರೆ ಕಿತ್ತುಬಿಡಿ. ಆಗಷ್ಟೇ ಉಳುಕಿದ ಕಾಲಿನಲ್ಲಿ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ, ಪಾದದ ಗಂಟಿನ ಎಲುಬು ಒತ್ತಿದಾಗ ನೋವಾದರೆ, ಟೇಪು, ಅಭ್ಯಾಸ ಎರಡೂ ಬೇಡ. ಮೊದಲು ಎಕ್ಸ್‌ರೇ ತೆಗೆಸಿ.