ಒಡ್ಡಿನಲ್ಲಿ ಏಡಿ ಬಿಲ, ಬ್ರೌಸರಿನಲ್ಲಿ ಒಂದು ಚಿತ್ರ

ಕುಮಟಾ ಹತ್ತಿರ ಅಘನಾಶಿನಿ ದಂಡೆಯಲ್ಲಿ ನಮ್ಮ ಮಾವನ ಗಜನಿ ಗದ್ದೆ ಇದೆ. ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಗದ್ದೆ. ಮೊನ್ನೆ ಹೋದಾಗ ಅವರ ಲ್ಯಾಪ್‌ಟಾಪಿನಲ್ಲಿ ಬ್ರೌಸರ್ ಅಪ್‌ಡೇಟ್ ಕೇಳುತ್ತಾ ಕೂತಿತ್ತು, ತಿಂಗಳುಗಟ್ಟಲೆಯಿಂದ. "ನಾನು ಯಾವ ಲಿಂಕನ್ನೂ ಒತ್ತುವವನಲ್ಲ ತಮ್ಮಾ, ನಂಗೆಂತ ಆಗ್ತದೆ?" ಅಂದರು.

ಈ ನಂಬಿಕೆ ಎಷ್ಟು ಜನಕ್ಕಿದೆ ಅಂತ ನೆನೆದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಇನ್ನು ಕೆಲವರು ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ಸಾಕು ಅನ್ನುತ್ತಾರೆ. ದಾರಿಯಲ್ಲಿ ಯಾರೂ ಕದ್ದು ಓದುತ್ತಿಲ್ಲ ಅಂತ ಮಾತ್ರ ಆ ಬೀಗ ಹೇಳುತ್ತದೆ. ಆ ಕಡೆ ಕೂತವನು ಕಳ್ಳನೋ ಅಲ್ಲವೋ ಅದಕ್ಕೆ ಗೊತ್ತಿಲ್ಲ. ಜನ ತಪ್ಪು ತಿಳಿಯುತ್ತಾರೆ ಅಂತಲೇ 2023ರಲ್ಲಿ ಕ್ರೋಮ್ ಆ ಬೀಗವನ್ನು ತೆಗೆದುಹಾಕಿತು.

ಲಿಂಕ್ ಒತ್ತದಿದ್ದರೂ ಏನಾಗಬಹುದು? ಚಿತ್ರವೊಂದು ಪರದೆ ಮೇಲೆ ಮೂಡಬೇಕಾದರೆ ಬ್ರೌಸರ್ ಅದನ್ನು ಬಿಚ್ಚಬೇಕು. ನೀವು ಕೈ ಕಟ್ಟಿ ಕೂತಿದ್ದರೂ ನಿಮ್ಮ ಪರವಾಗಿ ಅದು ಯಾರೋ ಕಳಿಸಿದ ಗಂಟನ್ನು ಬಿಚ್ಚುತ್ತಲೇ ಇರುತ್ತದೆ. ಆ ಬಿಚ್ಚುವ ಕೆಲಸದಲ್ಲೇ ತೂತು ಇದ್ದರೆ?

2023ರ ಸೆಪ್ಟೆಂಬರಿನಲ್ಲಿ ಇದೇ ಆಯಿತು. ವೆಬ್‌ಪಿ ಅನ್ನುವ ಬಗೆಯ ಚಿತ್ರಗಳನ್ನು ಬಿಚ್ಚುವ ಲಿಬ್‌ವೆಬ್‌ಪಿ ಅನ್ನುವ ಕೋಡಿನಲ್ಲಿ ತೂತು ಸಿಕ್ಕಿತು. ಅದು ಎಲ್ಲಿತ್ತು ಅಂತ ನೋಡಲು 1951ಕ್ಕೆ ಹೋಗಬೇಕು, ಮತ್ತು ಇದು ನನಗೆ ತುಂಬಾ ಇಷ್ಟದ ಕಥೆ. ಅಮೆರಿಕದ ಎಂಐಟಿಯಲ್ಲಿ ಪ್ರೊಫೆಸರ್ ರಾಬರ್ಟ್ ಫ್ಯಾನೋ ತಮ್ಮ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆಯಿರಿ, ಇಲ್ಲವೇ ಮಾಹಿತಿಯನ್ನು ಅತಿ ಕಡಿಮೆ ಗುರುತುಗಳಲ್ಲಿ ಬರೆಯುವುದು ಹೇಗೆ ಅಂತ ಒಂದು ಪ್ರಬಂಧ ಬರೆಯಿರಿ ಅಂದರು. ಡೇವಿಡ್ ಹಫ್‌ಮನ್ ಪ್ರಬಂಧ ಆರಿಸಿಕೊಂಡು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡ. ಇನ್ನು ಆಗುವುದಿಲ್ಲ ಅಂತ ಕೈಬಿಡುವ ಹೊತ್ತಿಗೆ ಉತ್ತರ ಹೊಳೆಯಿತು. ಫ್ಯಾನೋ ಅವರಿಗೇ ಸಿಕ್ಕಿರದ ಉತ್ತರ ಅದು!

ಉಪಾಯ ಸರಳ. ಶಿರಸಿ ಮಾರುಕಟ್ಟೆಯಲ್ಲಿ ಒಬ್ಬರು ದಿನವಿಡೀ ಅಡಿಕೆ ಚೀಲಗಳ ಮೇಲೆ ಗುರುತು ಹಾಕುತ್ತಾರೆ ಅಂದುಕೊಳ್ಳಿ. ಚಾಲಿ, ರಾಶಿ ಜಾಸ್ತಿ ಬರುತ್ತವೆ, ಅವಕ್ಕೆ ಒಂದೆರಡೇ ಗೀಟು. ಕೋಕಾ, ಕೆಂಪುಗೋಟು ಕಡಿಮೆ, ಅವಕ್ಕೆ ಐದಾರು ಗೀಟು ಆದರೂ ತೊಂದರೆಯಿಲ್ಲ. ಒಟ್ಟು ಬರೆಯುವುದು ಕಡಿಮೆಯಾಗುತ್ತದೆ. ಚಿತ್ರದಲ್ಲೂ ಹೀಗೇ, ಪದೇ ಪದೇ ಬರುವ ಬಣ್ಣಕ್ಕೆ ಚಿಕ್ಕ ಗುರುತು. ಯಾವುದಕ್ಕೆ ಎಷ್ಟು ಉದ್ದದ ಗುರುತು ಅನ್ನುವ ಪಟ್ಟಿ ಚಿತ್ರದ ಜೊತೆಗೇ ಬರುತ್ತದೆ. ಬ್ರೌಸರ್ ಅದನ್ನು ಓದಿ ಮೆಮೊರಿಯಲ್ಲಿ ಒಂದು ಕೋಷ್ಟಕ ಬರೆದುಕೊಳ್ಳುತ್ತದೆ.

ಆ ಕೋಷ್ಟಕಕ್ಕೆ ಎಷ್ಟು ಜಾಗ ಬೇಕು ಅಂತ ಮೊದಲೇ ಲೆಕ್ಕ ಹಾಕಿ ಇಟ್ಟಿದ್ದರು. ಲೆಕ್ಕ ತಪ್ಪಿರಲಿಲ್ಲ. ಸರಿಯಾದ ಪಟ್ಟಿ ಬಂದರೆ ಎಂದೂ ಜಾಗ ಮೀರುವುದಿಲ್ಲ. ಆದರೆ ಕಳ್ಳ ಸರಿಯಾದ ಪಟ್ಟಿ ಯಾಕೆ ಕಳಿಸುತ್ತಾನೆ? ಪಟ್ಟಿ ಸರಿಯಿದೆಯೋ ಅಂತ ಪೂರ್ತಿ ನೋಡುವ ಮೊದಲೇ ಕೋಡ್ ಬರೆಯಲು ಶುರುಮಾಡುತ್ತಿತ್ತು. ಮದುವೆ ಊಟಕ್ಕೆ ಇನ್ನೂರು ಎಲೆ ಹಾಕಿದ್ದೀರಿ, ಬಡಿಸುವವನು ಎಲೆ ಇದೆಯೋ ಇಲ್ಲವೋ ನೋಡದೆ ಇನ್ನೂರ ಹತ್ತನೆಯವರಿಗೂ ಬಡಿಸುತ್ತಾ ಹೋದ, ಅನ್ನ ಪಕ್ಕದ ಜಮಖಾನದ ಮೇಲೆ ಬಿತ್ತು. ಮೆಮೊರಿಯಲ್ಲಿ ಆ ಪಕ್ಕದ ಜಾಗದಲ್ಲಿ ಬ್ರೌಸರಿನ ಬೇರೆ ಮಾಹಿತಿ ಇರುತ್ತದೆ. ಅದರ ಮೇಲೆ ಏನು ಬೀಳಬೇಕು ಅಂತ ಕಳ್ಳ ನಾಜೂಕಾಗಿ ಆರಿಸಿದರೆ, ಬ್ರೌಸರ್ ಅವನು ಹೇಳಿದ ಹಾಗೆ ಕುಣಿಯಲು ಶುರುಮಾಡಬಹುದು.

ಮಾವನಿಗೆ ಗದ್ದೆ ಒಡ್ಡಿನ ಮಾತಿನಲ್ಲಿ ಹೇಳಿದಾಗ ತಕ್ಷಣ ಅರ್ಥವಾಯಿತು. ಗದ್ದೆಗೆ ನೀರು ಬಿಡುವ ಬಾಗಿಲ ಹಲಗೆ ಎಷ್ಟೇ ಗಟ್ಟಿ ಇರಲಿ, ಒಡ್ಡಿನಲ್ಲಿ ಏಡಿ ಕೊರೆದ ಬಿಲ ಸಾಕು, ಭರತದ ಹೊತ್ತಿಗೆ ಉಪ್ಪುನೀರು ಅಲ್ಲಿಂದಲೇ ನುಗ್ಗುತ್ತದೆ. ಲಿಂಕ್ ಒತ್ತದಿರುವುದು ಹಲಗೆ ಹಾಕಿದ ಹಾಗೆ, ಬೇಕೇ ಬೇಕು. ಬಿಲಕ್ಕೆ ಮಣ್ಣು ಮೆತ್ತುವುದು ಅಪ್‌ಡೇಟ್ ಮಾತ್ರ. ಒಳಗೆ ಇನ್ನೊಂದು ಬದುವೂ ಇದೆ. 2008ರಲ್ಲಿ ಕ್ರೋಮ್ ಬಂದಾಗಿನಿಂದಲೂ ಅದು ಪುಟಗಳನ್ನು ಸ್ಯಾಂಡ್‌ಬಾಕ್ಸ್ ಅನ್ನುವ ಬೇಲಿಯೊಳಗೆ ಇಡುತ್ತದೆ, ಒಂದು ಗದ್ದೆಗೆ ನುಗ್ಗಿದ ನೀರು ಇಡೀ ಬಯಲಿಗೆ ಹರಡದ ಹಾಗೆ. ಆದರೆ ಆ ಬದುವಿನಲ್ಲೂ ಆಗಾಗ ಬಿಲ ಸಿಗುತ್ತದೆ.

ಎಷ್ಟೋ ಮೇಲ್ ತಂತ್ರಾಂಶಗಳೂ ಒಳಗೊಳಗೆ ಬ್ರೌಸರೇ. ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶ ನಿಂತಿರುವುದೇ ಫೈರ್‌ಫಾಕ್ಸ್ ಬ್ರೌಸರಿನ ಕೋಡಿನ ಮೇಲೆ, ಹಾಗಾಗಿ ವೆಬ್‌ಪಿ ತೂತು ಅದರಲ್ಲೂ ಇತ್ತು. 1999ರಲ್ಲೇ ಬಬಲ್‌ಬಾಯ್ ಅನ್ನುವ, ಮೇಲ್ ಮೂಲಕ ತಾನಾಗಿ ಹರಡುವ ಕಂಪ್ಯೂಟರ್ ಹುಳ ಬಂದಿತ್ತು. ಮೈಕ್ರೋಸಾಫ್ಟಿನ ಔಟ್‌ಲುಕ್ ಎಕ್ಸ್‌ಪ್ರೆಸ್‌ನಲ್ಲಿ ಮೇಲ್ ಸುಮ್ನೆ ಪ್ರಿವ್ಯೂದಲ್ಲಿ ಕಂಡರೂ ಸಾಕು, ಅದು ಓಡುತ್ತಿತ್ತು. ಅದು ಕಾಣಿಸಿಕೊಂಡಿದ್ದು ನವೆಂಬರಿನಲ್ಲಿ. ಆ ತೂತಿಗೆ ಮೈಕ್ರೋಸಾಫ್ಟ್ ತೇಪೆ ಕೊಟ್ಟಿದ್ದು ಆಗಸ್ಟಿನಲ್ಲಿ!

2023ರಲ್ಲೂ ತೇಪೆ ಬೇಗ ಬಂತು. ಆಪಲ್ ಮತ್ತು ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ಸಂಶೋಧಕರ ತಂಡವಾದ ಸಿಟಿಜನ್ ಲ್ಯಾಬ್‌ನವರು ಸೆಪ್ಟೆಂಬರ್ 6ರಂದು ಗೂಗಲ್‌ಗೆ ತಿಳಿಸಿದರು, 11ರಂದು ಕ್ರೋಮ್, 12ರಂದು ಫೈರ್‌ಫಾಕ್ಸ್, ಥಂಡರ್‌ಬರ್ಡ್ ಸರಿಯಾದವು. ಅಷ್ಟು ಹೊತ್ತಿಗೆ ಯಾರೋ ಅದನ್ನು ಆಗಲೇ ಬಳಸುತ್ತಿದ್ದರು ಅಂತ ಗೂಗಲ್ಲೇ ಹೇಳಿತು.

ಆದರೆ ಅಪ್‌ಡೇಟ್ ಇಳಿದರೆ ಸಾಲದು, ಬ್ರೌಸರ್ ಒಮ್ಮೆ ಪೂರ್ತಿ ಮುಚ್ಚಿ ತೆರೆಯಬೇಕು. ಅಲ್ಲಿಯವರೆಗೆ ಓಡುತ್ತಿರುವುದು ಹಳೆಯದೇ. ಮಾವನಲ್ಲಿ ಹದಿನೆಂಟು ಟ್ಯಾಬ್ ತೆರೆದೇ ಇದ್ದವು. "ಇವೆಲ್ಲ ಹೋಗ್ತವೆ ಅಲ್ವಾ?" ಅಂತ ಹಿಂಜರಿದರು. ಹೋಗಲಿಲ್ಲ, ಮತ್ತೆ ತೆರೆದಾಗ ಹದಿನೆಂಟೂ ಅಲ್ಲೇ ಇದ್ದವು.